ಆಟ, ಒಗಟುಗಳಿಂದ ಮಕ್ಕಳಿಗೆ ಗಣಿತ ಕಲಿಸಬಹುದೇ?

ನಾಲ್ಕನೇ ತರಗತಿಯ ಮಗ ಲೆಕ್ಕದ ಪುಸ್ತಕ ತೆರೆದರೆ ಅಳುತ್ತಾನೆ, ಆಟಗಳಿಂದ ಪ್ರಯೋಜನವಾದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಹತ್ತು ಲೆಕ್ಕ ಮುಗಿಸಿದರೆ ಒಂದು ಆಟ ಎಂದು ಆಸೆ ತೋರಿಸಬೇಡಿ. ಲೆಕ್ಕ ಹಾಕದೆ ಗೆಲ್ಲಲಾಗದಂಥ ಆಟವನ್ನೇ ಆರಿಸಿಕೊಳ್ಳಿ.

ನನ್ನ ಮಗಳಿಗೆ ಎಂಟು ವರ್ಷವಾಗಿದ್ದಾಗ ನಾವು ಕಲ್ಲಿನ ಆಟ ಆಡುತ್ತಿದ್ದೆವು. ನೆಲದ ಮೇಲೆ 21 ಕಲ್ಲು. ಸರದಿಯಂತೆ ಒಂದು, ಎರಡು ಅಥವಾ ಮೂರು ತೆಗೆಯಬೇಕು. ಕೊನೆಯ ಕಲ್ಲು ತೆಗೆದವರು ಗೆದ್ದಂತೆ. ಕೆಲವು ದಿನ ಅವಳು ಸೋಲುತ್ತಲೇ ಇದ್ದಳು. ಒಂದು ಸಂಜೆ ನಾಲ್ಕು ಕಲ್ಲು ಉಳಿದು ಅವಳ ಸರದಿ ಬಂತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ತಾನು ಒಂದು ತೆಗೆದರೆ ಅಮ್ಮ ಮೂರು, ಎರಡಕ್ಕೆ ಎರಡು, ಮೂರಕ್ಕೆ ಒಂದು ಎಂದು ಬೆರಳು ಮಡಚಿ ನೋಡಿ, "ನಾಲ್ಕು ಉಳಿದರೆ ಸೋಲೇ" ಎಂದಳು. ಉಳಿದದ್ದನ್ನು ಹೇಳಿಬಿಡಲು ನಾಲಿಗೆ ತುದಿಯವರೆಗೆ ಬಂದಿತ್ತು. ತಡೆದುಕೊಂಡು, "ಹಾಗಾದರೆ ನನಗೆ ನಾಲ್ಕು ಉಳಿಯುವಂತೆ ಮಾಡುವುದು ಹೇಗೆ?" ಎಂದಷ್ಟೇ ಕೇಳಿದೆ. ಎಂಟು, ಹನ್ನೆರಡು, ಹದಿನಾರು, ಇಪ್ಪತ್ತು ಎಂದು ಅವಳೇ ಕಲ್ಲು ಜೋಡಿಸುತ್ತಾ ಹೋದಳು. ಮೊದಲ ಸರದಿಯಲ್ಲಿ ಒಂದೇ ಕಲ್ಲು ತೆಗೆಯಬೇಕೆಂದು ಗೊತ್ತಾದ ರಾತ್ರಿ ಮನೆಯವರನ್ನೆಲ್ಲ ಸೋಲಿಸಿಯೇ ಮಲಗಿದಳು! ಮರುದಿನ 23 ಕಲ್ಲು ಇಟ್ಟೆ. ಥಟ್ಟನೆ ಮೂರು ತೆಗೆದಳು. ನಾಲ್ಕರಿಂದ ಭಾಗಿಸಿದರೆ 21ಕ್ಕೆ ಉಳಿಯುವುದು ಒಂದು, 23ಕ್ಕೆ ಮೂರು. ಭಾಗಾಕಾರದ ಈ ಶೇಷವನ್ನು ನಾನು ಅವಳಿಗೆ ಬೇರೆಯಾಗಿ ವಿವರಿಸಲೇ ಇಲ್ಲ.

ಇದು ಒಗ್ಗಿದ ಮೇಲೆ ಹನೋಯಿ ಗೋಪುರ ಕೊಡಿ. ಫ್ರೆಂಚ್ ಗಣಿತಜ್ಞ ಎದುವಾರ್ ಲ್ಯೂಕಾ 1883ರಲ್ಲಿ ಹೊರತಂದ ಒಗಟು ಇದು. ಬೇರೆ ಬೇರೆ ಅಗಲದ ಮುಚ್ಚಳಗಳಿದ್ದರೂ ನಡೆಯುತ್ತದೆ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಬರುವಂತೆ ಅವನ್ನು ಒಂದು ಜಾಗದಲ್ಲಿ ಗೋಪುರದಂತೆ ಪೇರಿಸಿ. ಮೂರು ಜಾಗಗಳಷ್ಟೇ ಇವೆ. ಒಮ್ಮೆಗೆ ಒಂದನ್ನೇ ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ. ಇಡೀ ಗೋಪುರವನ್ನು ಬೇರೊಂದು ಜಾಗಕ್ಕೆ ಸಾಗಿಸಲು ಮೂರು ಮುಚ್ಚಳಗಳಿಗೆ ಕನಿಷ್ಠ 7 ನಡೆ, ನಾಲ್ಕಕ್ಕೆ 15. ಐದಕ್ಕೆ ಎಷ್ಟೆಂದು ಆಡುವ ಮೊದಲೇ ಊಹಿಸಲು ಹೇಳಿ. 31 ಎಂದರೆ, "ಹೇಗೆ ಗೊತ್ತಾಯಿತು?" ಎಂದು ಕೇಳಿ ಸುಮ್ಮನೆ ಕಾಯಿರಿ. ಆ ಕಾಯುವಿಕೆಯೇ ದೊಡ್ಡವರಿಗೆ ಅತಿ ಕಷ್ಟದ್ದು.

ಮಗ್ಗಿಯ ಅಭ್ಯಾಸವೂ ಜೊತೆಗೆ ನಡೆಯಲಿ. ಸಮಯ ಕಟ್ಟಿ ಅವಸರಪಡಿಸುವ ಮೊಬೈಲ್ ಆಟಗಳು ಮಾತ್ರ ಸದ್ಯಕ್ಕೆ ಬೇಡ. ಅಳುವ ಮಗುವಿನ ಅಂಜಿಕೆ ಅವುಗಳಿಂದ ಹೆಚ್ಚಬಹುದು. ಸೋಲು ತಡೆದುಕೊಳ್ಳದ ಸ್ವಭಾವವಾದರೆ 21ರ ಬದಲು ಒಂಬತ್ತು ಕಲ್ಲುಗಳಿಂದ ಆರಂಭಿಸಿ, ಮೊದಲ ಸರದಿ ಅವನಿಗೇ ಇರಲಿ.