ಜೀಪಿನ ವಾಲು ಮಾಪಕವು 30 ಡಿಗ್ರಿ ತೋರಿಸುತ್ತಿದ್ದರೆ ಮಗುಚುವ ಅಪಾಯ ಇಲ್ಲವೆಂದು ನಂಬಬಹುದೇ?

ಆ ಅಂಕಿಯೊಂದನ್ನೇ ನಂಬಬಾರದು. ವಾಹನ ಈಗ ಎಷ್ಟು ವಾಲಿದೆ ಎಂಬುದನ್ನಷ್ಟೇ ಮಾಪಕ ಹೇಳುತ್ತದೆ, ಎಷ್ಟು ವಾಲಿದರೆ ಮಗುಚುತ್ತದೆ ಎಂಬುದನ್ನಲ್ಲ.

ವಾಹನದ ತೂಕವೆಲ್ಲ ಒಂದೆಡೆ ನೆಲೆಸಿದಂತೆ ವರ್ತಿಸುವ ಬಿಂದುವನ್ನು ಗುರುತ್ವ ಕೇಂದ್ರ ಎನ್ನುತ್ತಾರೆ. ಅಲ್ಲಿಂದ ನೇರ ಕೆಳಕ್ಕೆ ಎಳೆದ ಗೆರೆಯು ಇಳಿಜಾರಿನ ಕಡೆಯ ಚಕ್ರಗಳನ್ನು ದಾಟಿ ಹೊರಗೆ ಬಿದ್ದೊಡನೆ ವಾಹನ ಉರುಳುತ್ತದೆ. ಎಡ–ಬಲ ಚಕ್ರಗಳ ನಡುವಿನ ಅಂತರ 1.5 ಮೀಟರ್, ಕೇಂದ್ರದ ಎತ್ತರ 0.75 ಮೀಟರ್ ಇದ್ದರೆ ಲೆಕ್ಕದ ಮಿತಿ 45 ಡಿಗ್ರಿ. ಆದರೆ ಇಳಿಜಾರಿನಲ್ಲಿ ಕೆಳಬದಿಯ ಸ್ಪ್ರಿಂಗು ಮತ್ತು ಟೈರುಗಳು ಕುಗ್ಗಿ ಕೇಂದ್ರವು ಆ ಕಡೆಗೇ ಸರಿಯುವುದರಿಂದಲೂ, ಛಾವಣಿಯ ಕ್ಯಾರಿಯರ್ ಮೇಲಿನ ಸಾಮಾನು ಅದನ್ನು ಎತ್ತರಿಸುವುದರಿಂದಲೂ ನಿಜವಾದ ಮಿತಿ ಬಹಳ ಕಡಿಮೆಯಾಗುತ್ತದೆ. ಮೇಲ್ಬದಿಯ ಚಕ್ರವು ಕಲ್ಲೊಂದನ್ನು ಹತ್ತಿದರೆ ಸಾಕು, ಹಲವು ಡಿಗ್ರಿ ಒಮ್ಮೆಲೇ ಏರಿಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಭಯಪಡಬೇಕಾದದ್ದು ಇದಕ್ಕೇ.

ಗುಂಡು ಅಥವಾ ಲೋಲಕವಿರುವ ಮಾಪಕವು ತಿರುವಿನಲ್ಲಿ ಹೊರಕ್ಕೆ ತಳ್ಳಲ್ಪಟ್ಟು ತಪ್ಪು ಕೋನ ತೋರಿಸುತ್ತದೆ. ಆದ್ದರಿಂದ ಸಮತಟ್ಟು ನೆಲದಲ್ಲಿ ಅದನ್ನು ಸೊನ್ನೆಗೆ ಹೊಂದಿಸಿಕೊಂಡು, ವಾಹನ ನಿಂತಿರುವಾಗ ಓದುವುದು ಸರಿ.