ಭುಜ ಕುಣಿಯುವಾಗ ಸೊಂಟದ ಮಾತೇಕೆ?

ಆತ್ಮೀಯ ಲೇಖಕಿಯವರಿಗೆ,

‘ಹಬೇಶಾ ಚೆಲುವೆಯರು’ ಲೇಖನ ತಲುಪಿತು. ಇಥಿಯೋಪಿಯಾ, ಎರಿಟ್ರಿಯಾದ ಹಬೇಶಾ ಜನರ ಕಲಾವಿದೆಯರ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ನೀವು ಬರೆದಿದ್ದು ಸಂತೋಷ, ಭಾಷೆಯೂ ಸರಾಗವಾಗಿದೆ. ಆದರೆ ಎರಡು ಸಾಲು ಓದಿ ಸಿಟ್ಟು ಬಂತು. ಸಿನಿಮಾ ಭಾಗವನ್ನು ಸದ್ಯಕ್ಕೆ ಬಿಟ್ಟು ಅವೆರಡರ ಬಗ್ಗೆಯಷ್ಟೇ ಹೇಳುತ್ತೇನೆ.

‘ಎಸ್ಕಿಸ್ತಾ ವಿಡಿಯೊಗಳಲ್ಲಿ ಈ ಹುಡುಗಿಯರು ಸೊಂಟ ಬಳುಕಿಸುತ್ತಾ ಮನ ಸೆಳೆಯುತ್ತಾರೆ.’

ಎಸ್ಕಿಸ್ತಾದಲ್ಲಿ ಸೊಂಟಕ್ಕೆ ಹೆಚ್ಚು ಕೆಲಸವಿಲ್ಲ. ಅದು ಇಥಿಯೋಪಿಯಾದ ಭುಜದ ಕುಣಿತ. ಭುಜ ಹಿಂದೆಮುಂದೆ ಅದುರುತ್ತದೆ, ಮೇಲೆಕೆಳಗೆ ಪುಟಿಯುತ್ತದೆ, ಎದೆ ಮತ್ತು ಕತ್ತು ಅದರ ಜೊತೆ ಸೇರುತ್ತವೆ. ಕೂತಲ್ಲೇ ಕುಣಿಯಬಹುದು. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೊದಲ್ಲಿ ಎದೆಯಿಂದ ಮೇಲಷ್ಟೇ ಕಂಡರೂ ಕುಣಿತದ ಜೀವ ಕಳೆದುಹೋಗದಿರುವುದು ಇದರಿಂದಲೇ. ಇದನ್ನು ಬರೆದಿದ್ದರೆ ನಿಮ್ಮ ಲೇಖನಕ್ಕೆ ಒಂದು ಒಳನೋಟ ದಕ್ಕುತ್ತಿತ್ತು. ಮುಂದಿನ ಸಾಲಿನಲ್ಲಿ ಎರಿಟ್ರಿಯಾದ ಮದುವೆಯ ಕುಣಿತವನ್ನೂ ಎಸ್ಕಿಸ್ತಾ ಎಂದಿದ್ದೀರಿ. ಟಿಗ್ರಿನ್ಯಾ ಮಾತಾಡುವವರ ಗುವಾಯ್ಲಾ ಬೇರೆ. ಕೆಬೆರೊ ಎಂಬ ಎರಡು ಮುಖದ ಡೋಲಿನ ಬಡಿತಕ್ಕೆ ಹೆಜ್ಜೆ ಜಾರಿಸುತ್ತಾ ವೃತ್ತದಲ್ಲಿ ನಿಧಾನವಾಗಿ ಸುತ್ತುತ್ತಾರೆ. ಬಡಿತ ಚುರುಕಾದಾಗ ನಿಂತು, ಎದುರುಬದುರಾಗಿ ಭುಜ ಕುಣಿಸುತ್ತಾರೆ. ಓದುಗರಿಗೆ ಆ ಗಳಿಗೆ ಕಾಣಿಸಬೇಕು.

ವಿಡಿಯೊವನ್ನು ಒಮ್ಮೆ ಮ್ಯೂಟ್ ಮಾಡಿ ನೋಡಿ, ಯಾವ ಅಂಗ ಮೊದಲು ಅಲುಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ ಡೋಲನ್ನಷ್ಟೇ ಕೇಳಿ. ನಾನು ಉಪಸಂಪಾದಕ ಕೆಲಸ ಕಲಿಯುವ ಕಾಲದಲ್ಲಿ ಹಿರಿಯರು ಕಲಾವಿಮರ್ಶೆಯ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ‘ಏನು ಮಾಡಿದಳು, ಅದನ್ನು ಬರೆ’ ಎನ್ನುತ್ತಿದ್ದರು. ನಾನೂ ಅದನ್ನೇ ಕೇಳುತ್ತಿದ್ದೇನೆ.

‘ಆಸ್ತೆರ್ ಅವೆಕೆ, ಜಿಜಿ ಇಬ್ಬರ ದನಿಯಲ್ಲೂ ಜೇನು ಹರಿಯುತ್ತದೆ; ತಿಜಿತಾ ನಮ್ಮ ಮೋಹನ ರಾಗವೇ.’

ಜೇನು ತೆಗೆಯಿರಿ. ಇಥಿಯೋಪಿಯಾದ ಗೊಂದರ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಗಾಯಕಿ ಆಸ್ತೆರ್, ಮೇಲಿನ ಸ್ಥಾಯಿಯಲ್ಲಿ ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಎಳೆದು ಕಂಪಿಸುತ್ತಾರೆ. ಜಿಜಿಯವರ 2001ರ ಆಲ್ಬಂ ನಿರ್ಮಿಸಿದ್ದು ಬಿಲ್ ಲಾಸ್‌ವೆಲ್. ಅದರಲ್ಲಿ ಹರ್ಬಿ ಹ್ಯಾನ್‌ಕಾಕ್, ವೇಯ್ನ್ ಶಾರ್ಟರ್‌ರಂಥ ಜಾಝ್ ವಾದಕರಿದ್ದಾರೆ. ಅಲ್ಲಿ ದನಿ ಭಾರವಾದ ಬೇಸ್ ಗಿಟಾರಿನ ಮೇಲೆ ತೇಲುತ್ತದೆ. ಇಬ್ಬರಿಗೂ ಒಂದೇ ಮಾತು ಹೊಂದುವುದಿಲ್ಲ.

ಮೋಹನದ ಹೋಲಿಕೆ ಅರ್ಧ ಸರಿ. ತಿಜಿತಾ ಇಥಿಯೋಪಿಯಾದ ಒಂದು ಸ್ವರಶ್ರೇಣಿ. ಅದರ ಮೇಜರ್ ರೂಪದಲ್ಲಿ ಮೋಹನದ ಸ ರಿ ಗ ಪ ದ ಸ್ವರಗಳೇ ಇವೆ. ಮೈನರ್ ರೂಪದಲ್ಲಿ ಸಾಧಾರಣ ಗಾಂಧಾರ, ಶುದ್ಧ ಧೈವತ ಬರುತ್ತವೆ, ಅದು ಮೋಹನವಲ್ಲ. ಸ್ವರ ಒಂದೇ ಇದ್ದರೂ ಗಮಕ, ನಡೆ ಬೇರೆ. ಬಾತಿ, ಅಂಬಾಸೆಲ್, ಅಂಚಿಹೊಯೆ ಎಂಬ ಇನ್ನು ಮೂರು ಮುಖ್ಯ ಸ್ವರಶ್ರೇಣಿಗಳ ಹೆಸರೇ ನಿಮ್ಮಲ್ಲಿಲ್ಲ.

ಇವನ್ನು ತಿದ್ದಿ, ಅಸ್ನಾಕೆಚ್ ವೊರ್ಕು ಅವರ ಬಗ್ಗೆ ಒಂದು ಪ್ಯಾರಾ ಸೇರಿಸಿ. ಅವರು ನಟಿಯೂ ಹೌದು, ಹಾಡುತ್ತಾ ಕ್ರಾರ್ ಎಂಬ ತಂತಿವಾದ್ಯ ನುಡಿಸಿದವರೂ ಹೌದು. ಕ್ರಾರ್‌ನ ತಂತಿಗಳನ್ನೆಲ್ಲ ಬಲಗೈ ಒಟ್ಟಿಗೆ ಮೀಟುವಾಗ, ಬೇಡದ ತಂತಿಗಳನ್ನು ಎಡಗೈ ಬೆರಳುಗಳು ಒತ್ತಿ ಸುಮ್ಮನಾಗಿಸುತ್ತವೆ. ಅವರ ಚೆಲುವನ್ನು ಬಿಡಿ, ಆ ಎಡಗೈಯನ್ನು ಬರೆಯಿರಿ. ಲೇಖನ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ.

— ಸಂಪಾದಕ