ಕಿಟಕಿ ಸೀಟು ಯಾವ ಕಡೆ ಕೇಳಲಿ?

ಪ್ರಶ್ನೆ: ಮಗಳ ಬಾಣಂತನಕ್ಕೆ ಡಿಸೆಂಬರಿನಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿದ್ದೇನೆ. ಮಧ್ಯಾಹ್ನದ ವಿಮಾನ. ‘ಕಿಟಕಿ ಬೇಡಮ್ಮ, ಬರೀ ಮೋಡ, ದಾರಿ ಪಕ್ಕದ ಸೀಟು ತಗೋ’ ಅನ್ನುತ್ತಾನೆ ಮಗ. ನನಗೆ ನೋಡುವ ಆಸೆ. ನಿಜವಾಗಿ ಏನಾದರೂ ಕಾಣುತ್ತದಾ?
– ಓದುಗರು, ಡೊಂಬಿವಲಿ

ಉತ್ತರ: ಬೇಕಾದಷ್ಟು ಕಾಣುತ್ತದೆ. ಕಿಟಕಿಯನ್ನೇ ಕೇಳಿ, ಅದೂ ಬಲಗಡೆಯದು. ನೀವು ಹೋಗುವುದು ವಾಯುವ್ಯಕ್ಕೆ, ಆ ಹೊತ್ತಿಗೆ ಸೂರ್ಯ ಎಡಗಡೆ ಇರುತ್ತಾನೆ, ಅಲ್ಲಿ ಕೂತವರು ಬಿಸಿಲು ತಾಳಲಾರದೆ ಪರದೆ ಎಳೆದುಬಿಡುತ್ತಾರೆ. ರೆಕ್ಕೆಯ ಮೇಲಿನ ಸಾಲು ಮಾತ್ರ ಬೇಡ. ಕಾಲು ಜೋಮು ಹಿಡಿದರೆ ಪಕ್ಕದವರನ್ನು ಎಬ್ಬಿಸಿ ಓಡಾಡಿ, ಸಂಕೋಚ ಬೇಡ.

ವಿಮಾನ ಸಾಮಾನ್ಯವಾಗಿ ಪಶ್ಚಿಮಕ್ಕೆ ಏರಿ ಜುಹು ದಾಟಿ ಸಮುದ್ರದ ಮೇಲೆ ಹೋಗುತ್ತದೆ. ಆಗ ಬಲಕ್ಕೆ ವರ್ಸೋವಾ, ಮಢ್ ಕಡೆಯ ದಡ. ಆಮೇಲಿನ ದಾರಿ ಗಾಳಿ, ಯುದ್ಧ ಎಲ್ಲ ನೋಡಿಕೊಂಡು ಬದಲಾಗುತ್ತದೆ. ಸೌದಿ ಅರೇಬಿಯಾ ಮೇಲೆ ಹೋದರೆ ಮರುಭೂಮಿಯಲ್ಲಿ ಹಸಿರು ತಟ್ಟೆಗಳನ್ನು ಜೋಡಿಸಿಟ್ಟ ಹಾಗೆ ಗುಂಡನೆಯ ಹೊಲಗಳು ಕಾಣುತ್ತವೆ. ಮಧ್ಯದಲ್ಲಿ ಕೊಳವೆಬಾವಿ, ಅದರ ಸುತ್ತ ತಿರುಗುತ್ತಾ ನೀರು ಚಿಮ್ಮಿಸುವ ನೂರಾರು ಮೀಟರ್ ಉದ್ದದ ಪೈಪು. ನೀರು ಸಾವಿರಾರು ವರ್ಷ ಹಿಂದೆ ನೆಲದೊಳಗೆ ಇಳಿದದ್ದು, ಈಗಿನ ಮಳೆಯಿಂದ ಮತ್ತೆ ತುಂಬುವುದಿಲ್ಲ. ಅದಕ್ಕೇ ಕೆಲವು ತಟ್ಟೆ ಹಸಿರು, ಕೆಲವು ಬರೀ ಕಂದು. ಟರ್ಕಿಯ ಪೂರ್ವದ ಮೇಲೆ ಹೋದರೆ ಬಲಕ್ಕೆ 5,137 ಮೀಟರ್ ಎತ್ತರದ ಅರರಾತ್ ಬೆಟ್ಟ ಸಿಗಬಹುದು, ಒಂಟಿಯಾಗಿ, ತಲೆ ತುಂಬ ಹಿಮ.

ಇನ್ನು ‘ಬರೀ ಮೋಡ’ದ ಮಾತು. ಮೋಡ ಇದ್ದರೇ ಒಳ್ಳೆಯದು! ಸೂರ್ಯ ಎಡಗಡೆ ಇರುವಾಗ ಬಲಗಡೆ ಕೆಳಗೆ ಮೋಡದ ಮೇಲೆ ಕಣ್ಣಿಡಿ. ಬಣ್ಣಬಣ್ಣದ ಉಂಗುರವೊಂದು ವಿಮಾನದ ಜೊತೆಗೇ ಓಡುತ್ತಿರುತ್ತದೆ, ಹೊರಗೆ ಕೆಂಪು, ಒಳಗೆ ನೀಲಿ. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವುದರಿಂದ ಹೀಗಾಗುತ್ತದೆ. ಮೋಡ ಹತ್ತಿರವಿದ್ದರೆ ಉಂಗುರದ ನಡುವೆ ವಿಮಾನದ ನೆರಳೂ ಕಾಣುತ್ತದೆ, ಉಂಗುರದ ನಟ್ಟನಡು ನೆರಳಿನಲ್ಲಿ ನೀವು ಕೂತ ಜಾಗವೇ. ಹತ್ತು ಸಾಲು ಹಿಂದೆ ಕೂತವರಿಗೆ ಅವರ ಜಾಗ. ಇದನ್ನು ನೋಡದೆ ಸಿನಿಮಾ ನೋಡುತ್ತಾ ಕೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಯುರೋಪಿನ ಮೇಲೆ ಸಂಜೆಯಾಗುತ್ತದೆ, ಬೇಗ ಮುಗಿಯುವುದಿಲ್ಲ. ಲಂಡನ್ ಇರುವ ಅಕ್ಷಾಂಶದಲ್ಲಿ ಭೂಮಿ ಗಂಟೆಗೆ ಸುಮಾರು 1,040 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತದೆ, ವಿಮಾನ ಸುಮಾರು 900 ಕಿ.ಮೀ. ವೇಗದಲ್ಲಿ ಪಶ್ಚಿಮದ ಕಡೆ ಓಡುತ್ತಿರುತ್ತದೆ, ಹಾಗಾಗಿ ಸೂರ್ಯ ಮುಳುಗುವುದು ಎಳೆಯುತ್ತಾ ಹೋಗುತ್ತದೆ. ಆಗ ಬಲಗಡೆ ದಿಗಂತದಿಂದ ಬೂದುನೀಲಿ ಪಟ್ಟಿಯೊಂದು ಮೇಲೇಳುತ್ತದೆ, ಅದರ ಮೇಲೆ ಗುಲಾಬಿ ಬಣ್ಣ. ಆ ಬೂದು ಪಟ್ಟಿ ಭೂಮಿಯದೇ ನೆರಳು.

ಪ್ರಶ್ನೆ: ವಿಮಾನದ ಕಿಟಕಿ ಗಾಜಿನಲ್ಲಿ ಸಣ್ಣ ತೂತು ಇರುತ್ತದಲ್ಲ, ಅಪಾಯ ಅಲ್ವಾ?
– ಓದುಗರು, ಪುಣೆ

ಉತ್ತರ: ಇಲ್ಲ, ಬೇಕಂತಲೇ ಇಟ್ಟದ್ದು. ಕಿಟಕಿಗೆ ಮೂರು ಪದರ. ನಾವು ಮುಟ್ಟುವುದು ಒಳಗಿನದು, ತೂತು ಇರುವುದು ನಡುವಿನದರಲ್ಲಿ. ಆ ತೂತಿನಿಂದ ಒಳಗಿನ ಗಾಳಿ ಆಚೆ ಹೋಗಿ ಒತ್ತಡವನ್ನೆಲ್ಲ ಹೊರಗಿನ ಪದರ ಹೊರುತ್ತದೆ, ಅದು ಕೈಕೊಟ್ಟರೆ ನಡುವಿನದು ಇದೆ. ಗಾಜು ಮಂಜು ಹಿಡಿಯುವುದೂ ಕಡಿಮೆಯಾಗುತ್ತದೆ. 35,000 ಅಡಿ ಎತ್ತರದಲ್ಲಿ ಹೊರಗೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ, ಅದಕ್ಕೇ ತೂತಿನ ಸುತ್ತ ಮಾತ್ರ ಹಿಮದ ಹರಳು ಕಟ್ಟುತ್ತವೆ. ಫೋಟೊ ತೆಗೆಯುವಾಗ ಮೊಬೈಲನ್ನು ಆ ಜಾಗದಿಂದ ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ.